ಬೇರಿನ ಗಂಟಿನ ಗುಟ್ಟು

ನಮ್ಮ ಮಡಕಶಿರಾ ಸೀಮೆಯಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಹಾಕುವುದನ್ನು ನೀವು ಬಲ್ಲಿರಿ. ಕಾಳು ಬೆಳೆದ ನೆಲ ಮುಂದಿನ ಬೆಳೆಗೂ ಒಳ್ಳೆಯದೆಂಬುದು ಹಿರಿಯರ ಅನುಭವ. ಅದಕ್ಕೆ ಕಾರಣ ಕಂಡುಹಿಡಿಯಲು ಯುರೋಪಿನ ಪಂಡಿತರಿಗೆ ಸುಮಾರು ಐವತ್ತು ವರ್ಷ ಹಿಡಿಯಿತು.

1838ರಲ್ಲಿ ಫ್ರಾನ್ಸಿನ ಬುಸೆಂಗೊ ಎಂಬ ವಿಜ್ಞಾನಿ ತೂಕ ಹಾಕಿ ನೋಡಿದರು. ಬಟಾಣಿ ಗಿಡದಲ್ಲಿ ಸಾರಜನಕ ಹೆಚ್ಚಿತ್ತು, ಗೋಧಿಯಲ್ಲಿ ಹೆಚ್ಚಿರಲಿಲ್ಲ. ಇದನ್ನು ಒರೆಗೆ ಹಚ್ಚಲು 1857-58ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್, ಗಿಲ್ಬರ್ಟ್ ಮತ್ತು ಪ್ಯೂ ಮಣ್ಣನ್ನು ಚೆನ್ನಾಗಿ ಸುಟ್ಟು, ಗಾಜಿನ ಮುಚ್ಚಳದೊಳಗೆ ಗಿಡ ಬೆಳೆಸಿದರು. ಸಾರಜನಕ ಹೆಚ್ಚಲೇ ಇಲ್ಲ. ಗಿಡಗಳು ಗಾಳಿಯಿಂದ ಸಾರಜನಕ ಪಡೆಯುವುದಿಲ್ಲ ಎಂದು ತೀರ್ಮಾನವಾಯಿತು. ಮಣ್ಣು ಸುಟ್ಟಾಗ ಅದರೊಳಗಿನ ಜೀವಿಗಳೂ ಸತ್ತಿದ್ದವೆಂಬುದು ಆಗ ಯಾರಿಗೂ ಹೊಳೆಯಲಿಲ್ಲ.

1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಆ ಗುಟ್ಟನ್ನು ಬಿಚ್ಚಿಟ್ಟರು. ಅವರೂ ವಿಲ್ಫಾರ್ಟ್ ಎಂಬ ಸಹೋದ್ಯೋಗಿಯೂ ಕಾಯಿಸಿದ ಮರಳಿನಲ್ಲಿ ಬಟಾಣಿ ಬಿತ್ತಿ, ಹೊಲದ ಮಣ್ಣು ಕದಡಿದ ನೀರನ್ನು ಸ್ವಲ್ಪ ಹಾಕಿದರು. ಬೇರಿಗೆ ಗಂಟು ಕಟ್ಟಿ ಗಿಡ ಹುಲುಸಾಯಿತು. ಅದೇ ನೀರನ್ನು ಕುದಿಸಿ ಹಾಕಿದರೆ ಗಿಡ ಸೊರಗಿತು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಗಂಟಿನಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಅದೇ ರೈಜೋಬಿಯಂ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗುವಂತೆ ಮಾಡಿಕೊಡುತ್ತದೆ.

1896ರಲ್ಲಿ ಜರ್ಮನಿಯ ನೊಬ್ಬೆ ಮತ್ತು ಹಿಲ್ಟ್ನರ್ ಈ ಜೀವಿಗಳನ್ನು ‘ನೈಟ್ರಜಿನ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಅದಕ್ಕೂ ಮೊದಲು ಹಳೆಯ ಹೊಲದ ಮಣ್ಣನ್ನೇ ಗಾಡಿಯಲ್ಲಿ ಹೊಸ ಹೊಲಕ್ಕೆ ಸಾಗಿಸಿ ಹರಡುತ್ತಿದ್ದರು.

ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಜೈವಿಕ ಗೊಬ್ಬರದ ಪೊಟ್ಟಣ ಆ ವಂಶದ್ದೇ. ಬ್ಯಾಂಕಿನಲ್ಲಿ ಬೆಳೆಸಾಲದ ಲೆಕ್ಕ ಬರೆದ ನನಗೆ, ರೈತನ ಸಾಲದಲ್ಲಿ ಗೊಬ್ಬರದ ಪಾಲು ಎಷ್ಟೆಂಬುದು ಗೊತ್ತು. ಈ ಪೊಟ್ಟಣದ ಬೆಲೆ ಅದರ ಮುಂದೆ ಅಲ್ಪ. ಆದರೆ ಅದರೊಳಗಿರುವುದು ಜೀವ. ಬಿಸಿಲಲ್ಲಿಟ್ಟರೆ ಸಾಯುತ್ತದೆ, ಅವಧಿ ಮೀರಿದರೆ ಕೆಲಸಕ್ಕೆ ಬಾರದು. ಕಡಲೆಕಾಯಿಗೆ ಬೇರೆ, ಕಡಲೆಗೆ ಬೇರೆ. ಪೊಟ್ಟಣದ ಮೇಲಿನ ಬರಹ ಓದಲು ಬಾರದಿದ್ದರೆ ಓದಬಲ್ಲವರಿಂದ ಓದಿಸಿ, ತಾರೀಖು ನೋಡಿ ಕೊಳ್ಳಿ. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ, ಬೇಗನೆ ಬಿತ್ತಿ.

ಗಿಡ ಹೂ ಬಿಡುವ ಹೊತ್ತಿಗೆ ಒಂದನ್ನು ಮೆಲ್ಲಗೆ ಅಗೆದು ತೆಗೆಯಿರಿ. ಬೇರಿನ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಕೆಂಪಾಗಿದ್ದರೆ ಕೆಲಸ ನಡೆಯುತ್ತಿದೆ ಎಂದು ತಿಳಿಯಿರಿ.