ಗೋವೆಗೆ ಹೋದಾಗ ವಿಮಾನಗಳನ್ನೂ ನೋಡಿ ಬನ್ನಿ

ರಜೆ ಬಂತೆಂದರೆ ಇಚಲಕರಂಜಿಯ ನಮ್ಮವರು ನಿಪ್ಪಾಣಿ, ಬೆಳಗಾವಿ ದಾಟಿ ಗೋವೆಯ ಕಡಲಿಗೆ ಹೊರಡುತ್ತೇವೆ. ದಾರಿಯಲ್ಲಿ ಸಿಗುವ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಎರಡನೇ ಮಹಾಯುದ್ಧದ ಕಾಲದ್ದು. 1961ರ ಡಿಸೆಂಬರ್ 18ರಂದು ಹಂಟರ್ ವಿಮಾನಗಳು ಇಲ್ಲಿಂದಲೇ ಹಾರಿ ಬಾಂಬೋಳಿಯ ರೇಡಿಯೊ ಕೇಂದ್ರವನ್ನು ಹೊಡೆದವು. ಅದೇ ದಿನ ಪುಣೆಯಿಂದ ಬಂದ ಕ್ಯಾನ್‌ಬೆರಾಗಳು ದಾಬೋಳಿಯ ರನ್‌ವೇ ಮೇಲೆ ಬಾಂಬ್ ಹಾಕಿದವು. ಆದರೂ ಆ ರಾತ್ರಿ ಪೋರ್ಚುಗೀಸರ ಎರಡು ವಿಮಾನಗಳು ಕರಾಚಿಗೆ ತಪ್ಪಿಸಿಕೊಂಡವು!

ಆ ದಾಬೋಳಿಯ ಪಕ್ಕ, ಬೋಗ್ಮಾಳೊ ಬೀಚಿನ ರಸ್ತೆಯಲ್ಲಿ, 1998ರಲ್ಲಿ ತೆರೆದ ನೌಕಾ ವಿಮಾನ ವಸ್ತುಸಂಗ್ರಹಾಲಯವಿದೆ. ಸೋಮವಾರ ರಜೆ. ಸೀ ಹಾಕ್, ಅಲಿಜೆ, ಸೀ ಹ್ಯಾರಿಯರ್, ನಾಲ್ಕು ಇಂಜಿನ್ನಿನ ಸೂಪರ್ ಕಾನ್‌ಸ್ಟೆಲೇಷನ್ ಎಲ್ಲ ಬಯಲಲ್ಲೇ ನಿಂತಿವೆ. ಬಿಸಿಲೇರುವ ಮುಂಚೆ ಹೋಗುವುದು ಒಳ್ಳೆಯದು.

ಅಲ್ಲಿರುವ ಪುಟ್ಟ ಎಚ್‌ಟಿ-2 ಎದುರು ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1951ರಲ್ಲಿ ಮೊದಲು ಹಾರಿದ ಈ ತರಬೇತಿ ವಿಮಾನವನ್ನು ರೂಪಿಸಿದವರು ಡಾ. ವಿ. ಎಂ. ಘಾಟಗೆ. ಅವರ ಹುಟ್ಟೂರು ನಮ್ಮ ಗಡಹಿಂಗ್ಲಜ ತಾಲೂಕಿನ ಹಸೂರಚಂಪು. ನಮ್ಮ ಮಕ್ಕಳಿಗೆ ಈ ಹೆಸರು ಹೇಳಿಕೊಡುವವರೇ ಕಡಿಮೆ.

ಒಂದು ದಿನ ಕೈಯಲ್ಲಿದ್ದರೆ ಕಾರವಾರಕ್ಕೂ ಇಳಿಯಿರಿ. ಟಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಹತ್ತಿರ ಟುಪೊಲೆವ್-142 ನಿಂತಿದೆ.