ಪದವಿಯಿಂದ ಬೇರ್ಪಟ್ಟ ಅಧಿಕಾರ: ರೋಮನ್ ಗಣರಾಜ್ಯದ ಅವಸಾನ

ರೋಮನ್ ಗಣರಾಜ್ಯವನ್ನು ರದ್ದುಪಡಿಸಿದ ಶಾಸನವೊಂದು ಇತಿಹಾಸದಲ್ಲಿ ದೊರೆಯುವುದಿಲ್ಲ. ಯಾವ ಜನಸಭೆಯೂ ಅದನ್ನು ಕೊನೆಗಾಣಿಸುವ ನಿರ್ಣಯವನ್ನು ಅಂಗೀಕರಿಸಲಿಲ್ಲ. ಅಂತರ್ಯುದ್ಧಗಳಲ್ಲಿ ಗೆದ್ದ ಯಾವ ಸೇನಾನಿಯೂ ಅದು ಮುಗಿಯಿತೆಂದು ಸಾರಲಿಲ್ಲ. ಕ್ರಿ.ಪೂ. 27ರ ಜನವರಿಯಲ್ಲಿ ಜೂಲಿಯಸ್ ಸೀಸರನ ದತ್ತುಪುತ್ರ ಆಕ್ಟೇವಿಯನ್ ಸೆನೆಟ್ಟಿನ ಮುಂದೆ ಘೋಷಿಸಿದ್ದು ಇದಕ್ಕೆ ತೀರ ವಿರುದ್ಧವಾದುದನ್ನು. ತನ್ನ ವಶದಲ್ಲಿದ್ದ ರಾಜ್ಯವನ್ನು ಸೆನೆಟ್ಟಿಗೂ ರೋಮಿನ ಜನತೆಗೂ ಮರಳಿಸುತ್ತಿರುವುದಾಗಿ ಆತ ಹೇಳಿದ. ಅದಕ್ಕೆ ಪ್ರತಿಯಾಗಿ ಸೆನೆಟ್ ಅವನಿಗೆ ‘ಅಗಸ್ಟಸ್’ ಎಂಬ ಹೆಸರನ್ನಿತ್ತಿತು. ಇತಿಹಾಸಕಾರರು ರೋಮನ್ ಚಕ್ರಾಧಿಪತ್ಯದ ಆರಂಭವನ್ನು ಸಾಮಾನ್ಯವಾಗಿ ಗುರುತಿಸುವುದು ಇದೇ ತಿಂಗಳಿನಿಂದ. ಗಣರಾಜ್ಯದ ಪುನಃಸ್ಥಾಪನೆಯೆಂದು ಘೋಷಿತವಾದ ದಿನವೇ ಅದರ ಅಂತ್ಯದ ದಿನವೆಂದು ಪರಿಗಣಿತವಾದುದು ಹೇಗೆ ಎಂಬ ಪ್ರಶ್ನೆ ವಿವೇಚನೆಗೆ ಅರ್ಹವಾಗಿದೆ.

ಇಲ್ಲಿ ಮೊದಲಿಗೆ ಒಂದು ಸ್ಪಷ್ಟೀಕರಣ ಅಗತ್ಯ. ಪರಪ್ರಾಂತ್ಯಗಳ ಮೇಲಿನ ಒಡೆತನವೆಂಬ ಅರ್ಥದಲ್ಲಿ ರೋಮ್ ಗಣರಾಜ್ಯವಾಗಿದ್ದಾಗಲೇ ಸಾಮ್ರಾಜ್ಯವಾಗಿತ್ತು. ಕ್ರಿ.ಪೂ. 146ರಲ್ಲಿ ಕಾರ್ಥೇಜ್ ಮತ್ತು ಕೊರಿಂಥ್ ನಗರಗಳು ನಾಶವಾದಾಗ ಮೆಡಿಟರೇನಿಯನ್ ವಲಯದಲ್ಲಿ ಅದನ್ನು ಎದುರಿಸಬಲ್ಲ ಶಕ್ತಿ ಉಳಿದಿರಲಿಲ್ಲ. ಆದ್ದರಿಂದ ಪ್ರಸ್ತುತ ಚರ್ಚೆಯ ವಿಷಯ ಸಾಮ್ರಾಜ್ಯದ ಉಗಮವಲ್ಲ. ಸಾಮ್ರಾಜ್ಯವನ್ನು ಆಳುತ್ತಿದ್ದ ಸಾಮೂಹಿಕ ವ್ಯವಸ್ಥೆ ಏಕವ್ಯಕ್ತಿಯ ಆಳ್ವಿಕೆಯಾಗಿ ಮಾರ್ಪಟ್ಟ ಬಗೆ.

ಗಣರಾಜ್ಯದ ಸ್ವರೂಪ

ಸಂಪ್ರದಾಯದ ಪ್ರಕಾರ ರೋಮನ್ನರು ಕ್ರಿ.ಪೂ. 509ರಲ್ಲಿ ತಮ್ಮ ಕೊನೆಯ ಅರಸನನ್ನು ಹೊರಗಟ್ಟಿದರು. ಅನಂತರ ರೂಪುಗೊಂಡ ವ್ಯವಸ್ಥೆಯ ಮೂಲತತ್ತ್ವಗಳು ಎರಡು: ಅಧಿಕಾರವು ಅಲ್ಪಕಾಲದ್ದಾಗಿರಬೇಕು, ಅದು ಒಬ್ಬನ ಕೈಯಲ್ಲಿ ಇರಬಾರದು. ಸೇನಾಧಿಪತ್ಯ ಹಾಗೂ ಆಡಳಿತದ ಪರಮಾಧಿಕಾರವಾದ ‘ಇಂಪೀರಿಯಂ’ ಪ್ರತಿವರ್ಷ ಚುನಾಯಿತರಾಗುವ ಇಬ್ಬರು ಕಾನ್ಸಲರದಾಗಿತ್ತು. ಒಬ್ಬನ ಕ್ರಮವನ್ನು ಇನ್ನೊಬ್ಬ ತಡೆಯಬಹುದಿತ್ತು. ಸಾಮಾನ್ಯ ಪ್ರಜೆಗಳಾದ ಪ್ಲೆಬಿಯನ್ನರ ರಕ್ಷಣೆಗಾಗಿ ಹತ್ತು ಮಂದಿ ಟ್ರಿಬ್ಯೂನರಿದ್ದರು. ಯಾವುದೇ ಅಧಿಕಾರಿಯ ಆಜ್ಞೆಯನ್ನು ತಡೆಯುವ ವೀಟೋ ಹಕ್ಕು ಅವರಿಗಿತ್ತು. ಅವರ ಮೈಮುಟ್ಟುವುದು ಧರ್ಮದ್ರೋಹವೆನಿಸಿತ್ತು. ಆಪತ್ಕಾಲದಲ್ಲಿ ನೇಮಕಗೊಳ್ಳುವ ಸರ್ವಾಧಿಕಾರಿಯ ಅವಧಿಯೂ ಆರು ತಿಂಗಳಿಗೆ ಸೀಮಿತವಾಗಿತ್ತು.

ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಅಧಿಕಾರವೂ ಒಂದು ಪದವಿಗೆ ಕಟ್ಟುಬಿದ್ದಿತ್ತು. ಪದವಿಯ ಅವಧಿ ತೀರಿದೊಡನೆ ಅಧಿಕಾರವೂ ತೀರುತ್ತಿತ್ತು. ಪದವಿಯಲ್ಲಿ ಜೊತೆಗಾರನಿದ್ದರೆ ಅಧಿಕಾರದಲ್ಲೂ ಜೊತೆಗಾರನಿರುತ್ತಿದ್ದ. ಕ್ರಿ.ಪೂ. ಎರಡನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್, ಕಾನ್ಸಲರು, ಸೆನೆಟ್ ಮತ್ತು ಜನತೆ ಒಬ್ಬರನ್ನೊಬ್ಬರು ಹಿಡಿತದಲ್ಲಿಟ್ಟುಕೊಂಡ ಮಿಶ್ರ ಸಂವಿಧಾನವೆಂದು ರೋಮಿನ ವ್ಯವಸ್ಥೆಯನ್ನು ವರ್ಣಿಸಿದ್ದಾನೆ. ಗಣರಾಜ್ಯದ ಅವಸಾನದ ಚರಿತ್ರೆಯೆಂದರೆ, ಪದವಿಗೂ ಅಧಿಕಾರಕ್ಕೂ ಇದ್ದ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡ ಚರಿತ್ರೆ.

ಭೂಮಿ ಮತ್ತು ಸೈನಿಕ

ಈ ಸಡಿಲಿಕೆಯ ಹಿಂದೆ ಇದ್ದದ್ದು ಭೂಮಿಯ ಸಮಸ್ಯೆ. ಕ್ರಿ.ಪೂ. 133ರಲ್ಲಿ ಟ್ರಿಬ್ಯೂನನಾಗಿದ್ದ ಟೈಬೀರಿಯಸ್ ಗ್ರಾಕಸ್, ರಾಜ್ಯದ ಸಾರ್ವಜನಿಕ ಭೂಮಿಯಲ್ಲಿ ಒಬ್ಬನು 500 ಯುಗೆರಾ ಮೀರಿ ಹಿಡಿದಿರಬಾರದೆಂಬ ಹಳೆಯ ಮಿತಿಯನ್ನು ಜಾರಿಗೆ ತಂದು, ಹೆಚ್ಚುವರಿಯನ್ನು ಬಡವರಿಗೆ ಹಂಚಲು ಮುಂದಾದ. ತನ್ನ ಮಸೂದೆಗೆ ವೀಟೋ ಹಾಕಿದ ಸಹ-ಟ್ರಿಬ್ಯೂನನನ್ನು ಜನಸಭೆಯ ಮತದಿಂದಲೇ ಪದಚ್ಯುತಗೊಳಿಸಿದ. ಆ ವರ್ಷವೇ ಸೆನೆಟ್ ಸದಸ್ಯರ ಗುಂಪೊಂದು ಆತನನ್ನು ಬೆಂಬಲಿಗರೊಂದಿಗೆ ಬಡಿದು ಕೊಂದಿತು. ಕ್ರಿ.ಪೂ. 121ರಲ್ಲಿ ಆತನ ತಮ್ಮ ಗಾಯಸ್‌ನ ಗತಿಯೂ ಹಾಗೆಯೇ ಆಯಿತು. ರಾಜಕೀಯ ವಿವಾದವನ್ನು ಹತ್ಯೆಯಿಂದ ಮುಗಿಸಬಹುದೆಂಬುದನ್ನು ಮೊದಲು ತೋರಿಸಿದವರು ಗಣರಾಜ್ಯದ ರಕ್ಷಕರೆಂದು ತಮ್ಮನ್ನು ಕರೆದುಕೊಂಡವರೇ ಎಂಬುದು ಗಮನಾರ್ಹ.

ಭೂಮಿಯ ಪ್ರಶ್ನೆ ಮುಂದೆ ಸೇನೆಯ ಪ್ರಶ್ನೆಯಾಯಿತು. ಆಸ್ತಿಯುಳ್ಳ ಪ್ರಜೆಗಳಷ್ಟೇ ಲೀಜನ್‌ಗಳಲ್ಲಿ ಸೇವೆ ಸಲ್ಲಿಸಬೇಕೆಂಬುದು ಹಿಂದಿನ ನಿಯಮ. ಕ್ರಿ.ಪೂ. 107ರಲ್ಲಿ ಕಾನ್ಸಲ್ ಮಾರಿಯಸ್ ಆಸ್ತಿಯಿಲ್ಲದವರನ್ನೂ ಸೇನೆಗೆ ಸೇರಿಸಿಕೊಂಡ. ಇದನ್ನು ಒಂದೇ ಏಟಿನ ಸುಧಾರಣೆಯೆಂದು ಕಾಣುವ ಹಳೆಯ ನಿಲುವನ್ನು ಇತ್ತೀಚಿನ ವಿದ್ವಾಂಸರು ಒಪ್ಪುವುದಿಲ್ಲ. ಆಸ್ತಿಯ ಅರ್ಹತೆ ಅದಕ್ಕೂ ಮೊದಲೇ ತಗ್ಗುತ್ತ ಬಂದಿತ್ತು. ಆದರೆ ಪರಿಣಾಮದ ದಿಕ್ಕು ಸ್ಪಷ್ಟವಾಗಿದೆ. ಯುದ್ಧ ಮುಗಿದ ಮೇಲೆ ಮರಳಲು ಹೊಲವಿಲ್ಲದ ಸೈನಿಕನಿಗೆ ಬದುಕಿನ ಆಸರೆಯನ್ನು ಕಲ್ಪಿಸುವ ಯಾವ ಶಾಶ್ವತ ಏರ್ಪಾಡೂ ರಾಜ್ಯದಲ್ಲಿರಲಿಲ್ಲ. ಪ್ರತಿಸಲವೂ ಸೇನಾನಿಯೇ ಜನಸಭೆಯಲ್ಲಿ ಹೋರಾಡಿ ತನ್ನ ಸೈನಿಕರಿಗೆ ಭೂಮಿಯನ್ನು ಕೊಡಿಸಬೇಕಾಗುತ್ತಿತ್ತು. ಸೆನೆಟ್ ಈ ಬೇಡಿಕೆಯನ್ನು ವಿರೋಧಿಸಿದಷ್ಟೂ ಸೈನಿಕರ ನಿಷ್ಠೆ ರಾಜ್ಯದಿಂದ ಸೇನಾನಿಯ ಕಡೆಗೆ ಸರಿಯಿತು.

ಕ್ರಿ.ಪೂ. 88ರಲ್ಲಿ ಈ ನಿಷ್ಠೆಯ ಬೆಲೆ ಬಯಲಾಯಿತು. ಪಾಂಟಸ್‌ನ ಅರಸ ಮಿಥ್ರಿಡೇಟಿಸನ ವಿರುದ್ಧದ ಯುದ್ಧದ ನಾಯಕತ್ವವನ್ನು ತನ್ನಿಂದ ಕಸಿದು ಮಾರಿಯಸ್‌ಗೆ ನೀಡಿದಾಗ ಕಾನ್ಸಲ್ ಸುಲ್ಲಾ ತನ್ನ ಲೀಜನ್‌ಗಳೊಡನೆ ರೋಮಿನ ಮೇಲೆಯೇ ನಡೆದುಬಂದ. ಒಬ್ಬನನ್ನುಳಿದು ಅವನ ಮೇಲಧಿಕಾರಿಗಳೆಲ್ಲರೂ ಅವನನ್ನು ತೊರೆದರೆಂದೂ, ಸಾಮಾನ್ಯ ಸೈನಿಕರು ಹಿಂಬಾಲಿಸಿದರೆಂದೂ ಇತಿಹಾಸಕಾರ ಅಪಿಯನ್ ದಾಖಲಿಸಿದ್ದಾನೆ. ಕ್ರಿ.ಪೂ. 82ರಲ್ಲಿ ಎರಡನೆಯ ಸಲ ನಗರವನ್ನು ವಶಪಡಿಸಿಕೊಂಡ ಸುಲ್ಲಾ ಅವಧಿಯ ಮಿತಿಯಿಲ್ಲದ ಸರ್ವಾಧಿಕಾರಿಯಾದ. ಸೆನೆಟ್ಟನ್ನು ಬಲಪಡಿಸಿ ಟ್ರಿಬ್ಯೂನರ ಹಕ್ಕುಗಳನ್ನು ಮೊಟಕುಗೊಳಿಸಿ ಬಳಿಕ ತಾನಾಗಿಯೇ ಅಧಿಕಾರವನ್ನು ತ್ಯಜಿಸಿದ. ಅವನ ಕಾನೂನುಗಳಲ್ಲಿ ಹಲವು ಬಹುಕಾಲ ಬಾಳಲಿಲ್ಲ. ಅವನು ಹಾಕಿಕೊಟ್ಟ ಮೇಲ್ಪಂಕ್ತಿ ಉಳಿಯಿತು.

ಅಸಾಧಾರಣ ಅಧಿಕಾರಗಳು

ಗಣರಾಜ್ಯದ ವಾರ್ಷಿಕ ಪದವಿಗಳು ವಿಶಾಲ ಸಾಮ್ರಾಜ್ಯದ ಸಮಸ್ಯೆಗಳಿಗೆ ಸಾಲದಾದವು. ಕಡಲ್ಗಳ್ಳರ ಹಾವಳಿಯಿಂದ ರೋಮಿಗೆ ಧಾನ್ಯದ ಪೂರೈಕೆ ಕುಂಠಿತವಾದಾಗ, ಕ್ರಿ.ಪೂ. 67ರ ಗಬೀನಿಯನ್ ಕಾನೂನಿನ ಮೂಲಕ ಪಾಂಪೆಗೆ ಇಡೀ ಮೆಡಿಟರೇನಿಯನ್ ಸಮುದ್ರದ ಮೇಲೂ, ಕರಾವಳಿಯಿಂದ 50 ಮೈಲಿ ಒಳನಾಡಿನವರೆಗೂ ಮೂರು ವರ್ಷಗಳ ಅಧಿಕಾರ ದೊರೆಯಿತು. ಆತ ಕೆಲವೇ ತಿಂಗಳುಗಳಲ್ಲಿ ಕಾರ್ಯವನ್ನು ಪೂರೈಸಿದ. ಕ್ರಿ.ಪೂ. 55ರಲ್ಲಿ ಸ್ಪೇನಿನ ಪ್ರಾಂತ್ಯಗಳು ಐದು ವರ್ಷಗಳ ಅವಧಿಗೆ ಅವನಿಗೆ ದತ್ತವಾದಾಗ ಆತ ಅಲ್ಲಿಗೆ ಹೋಗಲೇ ಇಲ್ಲ. ಇಟಲಿಯಲ್ಲಿಯೇ ಉಳಿದು ತನ್ನ ಪ್ರತಿನಿಧಿಗಳ ಮೂಲಕ ಆಳಿದ. ಮುಂದೆ ಅಗಸ್ಟಸ್ ಅನುಸರಿಸಿದ ವಿಧಾನದ ಬೀಜ ಇಲ್ಲಿದೆ. ಇವೆಲ್ಲವೂ ಜನಸಭೆಯೇ ಅಂಗೀಕರಿಸಿದ ಕಾನೂನುಗಳೆಂಬುದನ್ನು ಮರೆಯುವಂತಿಲ್ಲ.

ಗಾಲ್ ಪ್ರದೇಶದಲ್ಲಿ ಇಂಥದೇ ದೀರ್ಘಾವಧಿಯ ಅಧಿಕಾರವನ್ನು ಪಡೆದಿದ್ದ ಸೀಸರ್ ಕ್ರಿ.ಪೂ. 49ರ ಜನವರಿಯಲ್ಲಿ ರೂಬಿಕಾನ್ ನದಿಯನ್ನು ದಾಟಿ ಅಂತರ್ಯುದ್ಧಕ್ಕೆ ತೊಡಗಿದ. ಜಯಗಳಿಸಿದ ಮೇಲೆ ಆತ ಹಳೆಯ ಪದವಿಯೊಂದನ್ನು ಹಿಗ್ಗಿಸಿದ; ಕ್ರಿ.ಪೂ. 44ರ ಆರಂಭದಲ್ಲಿ ಆಜೀವ ಸರ್ವಾಧಿಕಾರಿಯಾದ. ಆರು ತಿಂಗಳ ಪದವಿಗೆ ಆಜೀವವೆಂಬ ವಿಶೇಷಣ ಸೇರಿದಾಗ ಅದು ಅರಸೊತ್ತಿಗೆಯಲ್ಲದೆ ಬೇರೇನೂ ಅಲ್ಲವೆಂಬುದು ಎಲ್ಲರಿಗೂ ಕಾಣುವಂತಿತ್ತು. ಮಾರ್ಚ್ 15ರಂದು ಸೆನೆಟ್ ಸಭೆ ಸೇರಿದ್ದ ಪಾಂಪೆಯ ಭವನದಲ್ಲಿ ಬ್ರೂಟಸ್, ಕ್ಯಾಸಿಯಸ್ ಮತ್ತು ಸಂಗಡಿಗರು ಅವನನ್ನು ಇರಿದು ಕೊಂದರು. ಆದರೆ ಸೈನಿಕನಿಗೂ ಸೇನಾನಿಗೂ ನಡುವಣ ಬಂಧಕ್ಕೆ ಅವರಲ್ಲಿ ಪರಿಹಾರವಿರಲಿಲ್ಲ. ಕ್ರಿ.ಪೂ. 43ರಲ್ಲಿ ಆಂಟನಿ, ಲೆಪಿಡಸ್ ಮತ್ತು ಆಕ್ಟೇವಿಯನ್ ‘ರಾಜ್ಯವನ್ನು ಸರಿಪಡಿಸುವ’ ತ್ರಿವರ್ಗವಾಗಿ ಕಾನೂನಿನ ಮೂಲಕವೇ ಅಧಿಕಾರ ಪಡೆದು, ವಧಾರ್ಹರ ಪಟ್ಟಿಗಳನ್ನು ಪ್ರಕಟಿಸಿದರು. ಗಣರಾಜ್ಯದ ಮಹಾವಾಗ್ಮಿ ಸಿಸೆರೊ ಆ ಪಟ್ಟಿಗೆ ಬಲಿಯಾದ. ಆತನ ತಲೆ ಮತ್ತು ಕೈಯನ್ನು ರೋಮಿನ ಭಾಷಣವೇದಿಕೆಯ ಮೇಲೆ ಪ್ರದರ್ಶಿಸಲಾಯಿತು. ಕ್ರಿ.ಪೂ. 31ರ ಆಕ್ಟಿಯಂ ಕದನದಲ್ಲಿ ಆಂಟನಿ ಸೋತು ಮರುವರ್ಷ ಈಜಿಪ್ಟ್ ವಶವಾದಾಗ ಆಕ್ಟೇವಿಯನ್‌ಗೆ ಎದುರಾಳಿಗಳಿರಲಿಲ್ಲ.

ಕ್ರಿ.ಪೂ. 27 ಮತ್ತು 23ರ ಏರ್ಪಾಡುಗಳು

ಸೀಸರನ ಹತ್ಯೆಯಿಂದ ಅಗಸ್ಟಸ್ ಕಲಿತ ಪಾಠ ಅವನ ಏರ್ಪಾಡುಗಳಲ್ಲಿ ವ್ಯಕ್ತವಾಗಿದೆ. ಕ್ರಿ.ಪೂ. 27ರ ಏರ್ಪಾಡಿನಂತೆ ಸ್ಪೇನ್, ಗಾಲ್, ಸಿರಿಯ ಮುಂತಾದ ಪ್ರಾಂತ್ಯಗಳು ಹತ್ತು ವರ್ಷಗಳ ಅವಧಿಗೆ ಅವನ ಪಾಲಿಗೆ ಬಂದವು. ಲೀಜನ್‌ಗಳಲ್ಲಿ ಹೆಚ್ಚಿನವು ಇದ್ದುದು ಇಲ್ಲಿಯೇ. ಉಳಿದ ಪ್ರಾಂತ್ಯಗಳಿಗೆ ಹಿಂದಿನಂತೆ ಸೆನೆಟ್ಟಿನ ವತಿಯಿಂದ ಪ್ರೊಕಾನ್ಸಲರು ಹೋಗುತ್ತಿದ್ದರು. ಧಾನ್ಯಸಮೃದ್ಧವಾದ ಈಜಿಪ್ಟಿಗೆ ಸೆನೆಟ್ ಸದಸ್ಯರು ಅವನ ಅಪ್ಪಣೆಯಿಲ್ಲದೆ ಕಾಲಿಡುವಂತಿರಲಿಲ್ಲ.

ಈ ನಾಲ್ಕು ವರ್ಷಗಳಲ್ಲಿ ಅಗಸ್ಟಸ್ ಪ್ರತಿವರ್ಷ ಕಾನ್ಸಲನೂ ಆಗಿದ್ದ. ಕ್ರಿ.ಪೂ. 23ರಲ್ಲಿ ಆತ ಕಾನ್ಸಲ್ ಪದವಿಯನ್ನು ಬಿಟ್ಟುಕೊಟ್ಟ. ಅದಕ್ಕೆ ಬದಲಾಗಿ ‘ಟ್ರಿಬ್ಯೂನನ ಅಧಿಕಾರ’ವನ್ನು ಆಜೀವವಾಗಿ ಪಡೆದ. ಈ ಪರಿವರ್ತನೆಯ ಮರ್ಮವಿರುವುದು ಇಲ್ಲಿ. ಸೀಸರನ ವಂಶಕ್ಕೆ ದತ್ತುಹೋಗಿ ಪೆಟ್ರೀಷಿಯನ್ ಆಗಿದ್ದ ಅಗಸ್ಟಸ್‌ಗೆ ಪ್ಲೆಬಿಯನ್ನರಿಗೆ ಮೀಸಲಾದ ಟ್ರಿಬ್ಯೂನ್ ಪದವಿಯನ್ನು ಪಡೆಯುವ ಅರ್ಹತೆಯೇ ಇರಲಿಲ್ಲ. ಪದವಿಯಿಲ್ಲದೆ ಅದರ ಅಧಿಕಾರ ಮಾತ್ರ ಅವನದಾಯಿತು: ವೀಟೋ ಹಕ್ಕು, ಸೆನೆಟ್ಟನ್ನು ಕರೆಯುವ ಹಕ್ಕು, ಜನಸಭೆಯಲ್ಲಿ ಮಸೂದೆಯನ್ನು ಮಂಡಿಸುವ ಹಕ್ಕು. ಹಾಗೆಯೇ ಪ್ರೊಕಾನ್ಸಲರ ಅಧಿಕಾರಕ್ಕಿಂತ ಮಿಗಿಲಾದ ಇಂಪೀರಿಯಂ ಕೂಡ ಯಾವ ವಾರ್ಷಿಕ ಪದವಿಯ ಹಂಗೂ ಇಲ್ಲದೆ ಅವನಿಗೆ ದೊರೆಯಿತು. ಇಬ್ಬರು ಕಾನ್ಸಲರು, ಹತ್ತು ಟ್ರಿಬ್ಯೂನರು ಎಂದಿನಂತೆ ಆಯ್ಕೆಯಾಗುತ್ತಲೇ ಇದ್ದರು. ಪದವಿಗಳು ಅವರವಾಗಿಯೇ ಉಳಿದವು. ಅವುಗಳ ಸತ್ತ್ವ ಇನ್ನೊಂದೆಡೆ ಸಂಚಯಗೊಂಡಿತು. ತನಗೆ ಸಹೋದ್ಯೋಗಿಗಳಿಗಿಂತ ಹೆಚ್ಚಿನ ಅಧಿಕಾರವಿರಲಿಲ್ಲ, ಇದ್ದದ್ದು ಹೆಚ್ಚಿನ ಪ್ರಭಾವ ಮಾತ್ರ ಎಂಬರ್ಥದ ಮಾತನ್ನು ಅಗಸ್ಟಸ್ ತನ್ನ ಕಾರ್ಯಗಳನ್ನು ಕುರಿತ ಶಾಸನದಲ್ಲಿ ಬರೆಯಿಸಲು ಸಾಧ್ಯವಾದುದು ಇದರಿಂದ. ಈ ಶಾಸನದ ಪ್ರಮುಖ ಪ್ರತಿ ಇಂದಿನ ಅಂಕಾರಾದ ದೇವಾಲಯದ ಗೋಡೆಗಳ ಮೇಲಿದೆ.

ಸೈನಿಕರ ಸಮಸ್ಯೆಗೂ ಆತ ಪರಿಹಾರವನ್ನು ಕಂಡುಕೊಂಡ. ಅದೇ ಶಾಸನದ ಪ್ರಕಾರ ನಿವೃತ್ತ ಸೈನಿಕರಿಗಾಗಿ ಇಟಲಿಯಲ್ಲಿ ಭೂಮಿಯನ್ನು ಕೊಳ್ಳಲು ಸುಮಾರು 60 ಕೋಟಿ, ಪ್ರಾಂತ್ಯಗಳಲ್ಲಿ ಸುಮಾರು 26 ಕೋಟಿ ಸೆಸ್ಟರ್ಸ್ ನಾಣ್ಯಗಳನ್ನು ಆತ ವ್ಯಯಿಸಿದ. ಕ್ರಿ.ಶ. 6ರಲ್ಲಿ ಸ್ವಂತ ಹಣದಿಂದ 17 ಕೋಟಿ ಸೆಸ್ಟರ್ಸ್ ನೀಡಿ ಪ್ರತ್ಯೇಕ ಸೇನಾ ಖಜಾನೆಯನ್ನು ಸ್ಥಾಪಿಸಿದ. ಅದರ ಪೋಷಣೆಗಾಗಿ ಪಿತ್ರಾರ್ಜಿತ ಆಸ್ತಿಯ ಮೇಲೆ ಶೇ. 5ರ ತೆರಿಗೆಯನ್ನು ವಿಧಿಸಿದ. ಗಣರಾಜ್ಯವು ಒಂದು ಶತಮಾನದುದ್ದಕ್ಕೂ ಮಾಡದೆ ಬಿಟ್ಟ ಕೆಲಸವಿದು. ಅದನ್ನು ಮಾಡಿದಾತನಿಗೇ ಸೇನೆಯ ನಿಷ್ಠೆ ಸಂದಿತು.

ಲಾಭ ಮತ್ತು ನಷ್ಟ

ಈ ಪರಿವರ್ತನೆಯನ್ನು ಕೇವಲ ವಂಚನೆಯೆಂದು ಬಗೆಯುವುದು ಸಾಧುವಲ್ಲ. ಥಿಯೊಡೋರ್ ಮಾಮ್ಸೆನ್ ಇದನ್ನು ಅಗಸ್ಟಸ್ ಮತ್ತು ಸೆನೆಟ್ಟಿನ ದ್ವಿರಾಜ್ಯವೆಂದು ವಿವರಿಸಿದರೆ, ರೊನಾಲ್ಡ್ ಸೈಮ್ 1939ರ ತನ್ನ ‘ದಿ ರೋಮನ್ ರೆವಲ್ಯೂಷನ್’ ಗ್ರಂಥದಲ್ಲಿ ಸಾಂವಿಧಾನಿಕ ತೆರೆಯ ಹಿಂದಿನ ಪಕ್ಷಬಲವನ್ನು ಎತ್ತಿತೋರಿದ. ಎರಡೂ ನಿಲುವುಗಳಲ್ಲಿ ಸತ್ಯಾಂಶವಿದೆ. ಗಣರಾಜ್ಯದ ಮತದಾನ ರೋಮ್ ನಗರದಲ್ಲಿ ಮಾತ್ರ ನಡೆಯುತ್ತಿತ್ತು. ಇಟಲಿಯ ಬಹುಭಾಗಕ್ಕೆ ಪೌರತ್ವ ಹಬ್ಬಿದ ಮೇಲೂ ದೂರದ ಪ್ರಜೆಗೆ ಮತದ ಅವಕಾಶ ಹೆಸರಿಗಷ್ಟೇ ಇತ್ತು. ಸಿಸಿಲಿಯನ್ನು ಸುಲಿದ ಪ್ರಾಂತಾಧಿಪತಿ ವೆರೆಸ್‌ನಂಥವರ ಹಿಡಿತದಲ್ಲಿ ನರಳಿದ ಪ್ರಾಂತ್ಯಗಳಿಗೆ ಹೊಸ ವ್ಯವಸ್ಥೆ ಅಪ್ರಿಯವಾಗಿರಲಿಲ್ಲವೆಂದು ಟ್ಯಾಸಿಟಸ್ ಒಪ್ಪುತ್ತಾನೆ. ಕ್ರಿ.ಪೂ. 22ರ ಬರಗಾಲದಲ್ಲಿ ಸರ್ವಾಧಿಕಾರಿಯಾಗುವಂತೆ ಅಗಸ್ಟಸ್‌ನನ್ನು ಒತ್ತಾಯಿಸಿದವರು ರೋಮಿನ ಜನರೇ, ನಿರಾಕರಿಸಿದವನು ಆತ.

ಆದರೆ ಕಳೆದುಹೋದುದೂ ಅಲ್ಪವಲ್ಲ. ಕ್ರಿ.ಶ. 14ರಲ್ಲಿ ಅಗಸ್ಟಸ್ ಮರಣಹೊಂದಿ ಟೈಬೀರಿಯಸ್ ಅಧಿಕಾರಕ್ಕೆ ಬಂದಾಗ ಅಧಿಕಾರಿಗಳ ಆಯ್ಕೆ ಜನಸಭೆಯಿಂದ ಸೆನೆಟ್ಟಿಗೆ ವರ್ಗವಾಯಿತು. ಕ್ರಿ.ಶ. 25ರಲ್ಲಿ ಇತಿಹಾಸಕಾರ ಕ್ರೆಮೂಟಿಯಸ್ ಕಾರ್ಡಸ್ ತನ್ನ ಗ್ರಂಥದಲ್ಲಿ ಬ್ರೂಟಸನನ್ನು ಹೊಗಳಿ ಕ್ಯಾಸಿಯಸನನ್ನು ಕೊನೆಯ ರೋಮನ್ನನೆಂದು ಕರೆದುದಕ್ಕಾಗಿ ವಿಚಾರಣೆಗೆ ಗುರಿಯಾದ. ಆತ ಉಪವಾಸದಿಂದ ಪ್ರಾಣಬಿಟ್ಟ. ಗ್ರಂಥವನ್ನು ಸುಡಲು ಸೆನೆಟ್ಟೇ ಆಜ್ಞಾಪಿಸಿತು. ಗಣರಾಜ್ಯದ ಸಂಸ್ಥೆ ಉಳಿದಿರುವಾಗಲೇ ಅದರ ನೆನಪು ಅಪರಾಧವಾಗಿತ್ತು.

ಹೊಸ ಅಧಿಕಾರ ಹಳೆಯ ಹೆಸರುಗಳಲ್ಲಿಯೇ ದೂರದೇಶಗಳನ್ನು ತಲುಪಿತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಟೈಬೀರಿಯಸ್‌ನ ಬೆಳ್ಳಿಯ ದಿನಾರಿಯಸ್ ದೊರೆತಿದೆ. ಈತನ ಅತ್ಯಂತ ಬಳಕೆಯಲ್ಲಿದ್ದ ದಿನಾರಿಯಸ್ ಮಾದರಿಯ ಒಂದು ಮುಖದಲ್ಲಿ ದೈವೀಭೂತ ಅಗಸ್ಟಸನ ಮಗನೆಂಬ ಬಿರುದಿದ್ದರೆ, ಇನ್ನೊಂದರಲ್ಲಿ ಗಣರಾಜ್ಯಕ್ಕಿಂತಲೂ ಪ್ರಾಚೀನವೆಂದು ನಂಬಲಾದ ಪ್ರಧಾನ ಪುರೋಹಿತನ ಪದವಿಯಿದೆ. ಅರಸನೆಂಬ ಶಬ್ದ ಅದರಲ್ಲಿಲ್ಲ.

ಉಪಸಂಹಾರ

ಈ ಏರ್ಪಾಡಿನ ಬಲಹೀನತೆ ಕ್ರಿ.ಶ. 41ರಲ್ಲಿ ಪ್ರಕಟವಾಯಿತು. ಕ್ಯಾಲಿಗುಲನ ಕೊಲೆಯಾದಾಗ ಸೆನೆಟ್ ಗಣರಾಜ್ಯವನ್ನು ಮರಳಿ ತರುವ ಕುರಿತು ಚರ್ಚಿಸುತ್ತಿರುವಾಗಲೇ ಪ್ರಿಟೋರಿಯನ್ ಕಾವಲುಪಡೆ ಕ್ಲಾಡಿಯಸ್‌ನನ್ನು ಚಕ್ರವರ್ತಿಯೆಂದು ಸಾರಿತು. ಕ್ರಿ.ಶ. 69ರಲ್ಲಿ ಒಂದೇ ವರ್ಷದಲ್ಲಿ ನಾಲ್ವರು ಚಕ್ರವರ್ತಿಗಳು ಕಾಣಿಸಿಕೊಂಡರು. ನಿರ್ಣಯ ಮತ್ತೆ ಸೇನೆಗಳದಾಯಿತು. ಗೆದ್ದ ವೆಸ್ಪೇಸಿಯನ್‌ನ ಅಧಿಕಾರಗಳನ್ನು ದಾಖಲಿಸುವ ಕಂಚಿನ ಫಲಕವೊಂದು ರೋಮಿನ ಕ್ಯಾಪಿಟೋಲೈನ್ ವಸ್ತುಸಂಗ್ರಹಾಲಯದಲ್ಲಿದೆ. ಒಪ್ಪಂದಗಳನ್ನು ಮಾಡಿಕೊಳ್ಳುವ, ಸೆನೆಟ್ಟನ್ನು ಕರೆಯುವ, ರಾಜ್ಯಹಿತವೆಂದು ತನಗೆ ತೋರಿದುದನ್ನು ಮಾಡುವ ಹಕ್ಕುಗಳು ಅದರಲ್ಲಿ ಒಂದೊಂದಾಗಿ ನಮೂದಾಗಿವೆ. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್‌ರಿಗೆ ಇದ್ದಂತೆ ಎಂಬ ಪೂರ್ವನಿದರ್ಶನವೂ ಇದೆ. ಶತಮಾನದ ಹಿಂದೆ ಒಬ್ಬ ವ್ಯಕ್ತಿಗೆ ಬಿಡಿಬಿಡಿಯಾಗಿ ಸಂದ ಅಧಿಕಾರಗಳು ಈಗ ಒಂದೇ ಕಾನೂನಿನಲ್ಲಿ ಕಲೆತು ತಾವೇ ಹೊಸ ಪದವಿಯಾಗಿ ರೂಪುಗೊಂಡಿದ್ದವು. ಆ ಪದವಿಗೆ ಅವಧಿಯಿರಲಿಲ್ಲ, ಜೊತೆಗಾರನಿರಲಿಲ್ಲ, ಅದನ್ನು ತಡೆಯುವ ಟ್ರಿಬ್ಯೂನನೂ ಇರಲಿಲ್ಲ. ಈ ಕಾನೂನಿಗೆ ಮೊದಲೇ ಆತ ಕೈಗೊಂಡ ಕಾರ್ಯಗಳನ್ನೂ ರೋಮಿನ ಜನತೆಯ ಆಜ್ಞೆಯಂತೆ ನಡೆದವೆಂದೇ ಗಣಿಸಬೇಕೆಂದು ಫಲಕದ ಕೊನೆಯ ಭಾಗದಲ್ಲಿ ಬರೆದಿದೆ.