‘ಏಕೆ’ ಎಂದು ಕೇಳುವವರು

ಎಲ್ಲೋ ಬಾಂಬ್ ಸಿಡಿಯಿತು ಎಂಬ ಸುದ್ದಿ ಬಂದ ದಿನ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆಗಳು ಎರಡು. ನಮ್ಮವರೆಲ್ಲ ಕ್ಷೇಮವೇ? ಮಾಡಿದವರು ಯಾರು? ಏಕೆ ಮಾಡಿದರು ಎಂಬ ಮೂರನೆಯ ಪ್ರಶ್ನೆ ತಡವಾಗಿ ಬರುತ್ತದೆ. ಬಂದರೂ ಅದನ್ನು ಕೇಳಿದವರನ್ನು ಜನ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಕಾರಣ ಹುಡುಕುವವನು ಎಲ್ಲೋ ಒಳಗೊಳಗೇ ಅವರ ಪರ ವಕಾಲತ್ತು ವಹಿಸುತ್ತಿದ್ದಾನೆಯೇ ಎಂಬ ಅನುಮಾನ ಅದು.

ಈ ಮೂರನೆಯ ಪ್ರಶ್ನೆಯನ್ನೇ ವೃತ್ತಿಯಾಗಿಸಿಕೊಂಡವರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞೆ ಮಾರ್ತಾ ಕ್ರೆನ್‌ಶಾ ಮೊದಲಿಗರು. ಅವರು ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಓದುತ್ತಿದ್ದಾಗ ‘ಭಯೋತ್ಪಾದನಾ ಅಧ್ಯಯನ’ ಎಂಬ ಶಾಸ್ತ್ರವೇ ಇರಲಿಲ್ಲ. ಅದಕ್ಕೊಂದು ಪತ್ರಿಕೆಯಿಲ್ಲ, ಪಠ್ಯಕ್ರಮವಿಲ್ಲ, ಸರ್ಕಾರದ ಅನುದಾನವಂತೂ ಇಲ್ಲ. ಅವರು ಆರಿಸಿಕೊಂಡದ್ದು ಆಗಷ್ಟೇ ಮುಗಿದಿದ್ದ ಒಂದು ಯುದ್ಧವನ್ನು: 1954ರಿಂದ 1962ರವರೆಗೆ ಫ್ರಾನ್ಸ್ ವಿರುದ್ಧ ಅಲ್ಜೀರಿಯಾದ ರಾಷ್ಟ್ರೀಯ ವಿಮೋಚನಾ ರಂಗ ನಡೆಸಿದ ಹೋರಾಟ.

ಅಲ್ಜೀರಿಯಾವನ್ನು ಆರಿಸಿದ್ದರಿಂದ ಒಂದು ಲಾಭವಾಯಿತು. ಅಲ್ಲಿ ಘಟನೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬಹುದು. 1956ರ ಜೂನ್‌ನಲ್ಲಿ ಫ್ರೆಂಚ್ ಆಡಳಿತ ಇಬ್ಬರು ಹೋರಾಟಗಾರರ ತಲೆ ಕಡಿಸಿತು. ಆಗಸ್ಟ್‌ನಲ್ಲಿ ವಲಸಿಗ ತೀವ್ರವಾದಿಗಳು ಅಲ್ಜೀರ್ಸ್ ನಗರದ ಹಳೆಯ ಪೇಟೆ ಕಸ್ಬಾದಲ್ಲಿ ಬಾಂಬಿಟ್ಟು ಸಾಮಾನ್ಯ ಅಲ್ಜೀರಿಯನ್ನರನ್ನು ಕೊಂದರು. ಸೆಪ್ಟೆಂಬರ್ 30ರಂದು ವಿಮೋಚನಾ ರಂಗ ಮೂವರು ಯುವತಿಯರ ಕೈಯಲ್ಲಿ ಬಾಂಬ್ ಕಳಿಸಿತು. ಐರೋಪ್ಯರು ತುಂಬಿದ್ದ ‘ಮಿಲ್ಕ್ ಬಾರ್’ ಹಾಗೂ ‘ಕೆಫೆಟೇರಿಯಾ’ದಲ್ಲಿ ಎರಡು ಸಿಡಿದವು. ಮುಂದಿನ ಜನವರಿಯಲ್ಲಿ, ವಿಶ್ವಸಂಸ್ಥೆಯಲ್ಲಿ ಅಲ್ಜೀರಿಯಾದ ಚರ್ಚೆ ಬರುವ ಹೊತ್ತಿಗೆ ಸರಿಯಾಗಿ, ಅದೇ ರಂಗ ಎಂಟು ದಿನಗಳ ಮುಷ್ಕರಕ್ಕೆ ಕರೆ ಕೊಟ್ಟಿತು.

ಇದು ಹುಚ್ಚರ ಕೆಲಸವಲ್ಲ. ಇದರಲ್ಲಿ ಲೆಕ್ಕಾಚಾರವಿದೆ, ತಾರೀಕು ನೋಡಿ ಹೂಡಿದ ಆಟವಿದೆ, ಸೇಡು ಕೇಳುತ್ತಿದ್ದ ತಮ್ಮವರನ್ನು ಹಿಡಿದಿಟ್ಟುಕೊಳ್ಳುವ ಒತ್ತಡವಿದೆ. ಬಾಂಬಿಗೆ ಬಲಿಯಾದವರು ಹಾಲು, ಐಸ್‌ಕ್ರೀಂ ಸವಿಯಲು ಬಂದ ಜನ ಎಂಬುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ, ಒಂದರಿಂದ ಇನ್ನೊಂದನ್ನು ಅಳಿಸದೆ ಹೇಳುವುದು ಹೇಗೆ? ಈ ಶಾಸ್ತ್ರದ ಕಷ್ಟವೆಲ್ಲ ಇರುವುದು ಇಲ್ಲೇ.

1972ರಲ್ಲಿ ಕ್ರೆನ್‌ಶಾ ‘ಕ್ರಾಂತಿಕಾರಿ ಭಯೋತ್ಪಾದನೆ’ ಎಂಬ ಪರಿಕಲ್ಪನೆಯ ಬಗ್ಗೆ ಲೇಖನ ಪ್ರಕಟಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲ್ ತಂಡದ 11 ಮಂದಿ ಹತರಾದರು. ಆ ತಿಂಗಳೇ ಅಧ್ಯಕ್ಷ ನಿಕ್ಸನ್ ಭಯೋತ್ಪಾದನೆ ತಡೆಗೆ ಸಂಪುಟ ಸಮಿತಿ ರಚಿಸಿದರು. ರ‍್ಯಾಂಡ್ ಸಂಸ್ಥೆ ಅಂತರರಾಷ್ಟ್ರೀಯ ದಾಳಿಗಳ ಪಟ್ಟಿ ಮಾಡತೊಡಗಿತು. ಯಾರಿಗೂ ಬೇಡವಾಗಿದ್ದ ವಿಷಯ ರಾತ್ರೋರಾತ್ರಿ ಎಲ್ಲರಿಗೂ ಬೇಕಾಯಿತು. ಕ್ರೆನ್‌ಶಾ ಮಾತ್ರ 1974ರಲ್ಲಿ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದರು. 2007ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಹೊರಡುವವರೆಗೆ, ಮೂರು ದಶಕಕ್ಕೂ ಹೆಚ್ಚು ಕಾಲ, ಅವರ ವೃತ್ತಿಜೀವನ ಆ ಪುಟ್ಟ ಊರಿನ ತರಗತಿಗಳಲ್ಲಿ ಕಳೆಯಿತು.

1981ರಲ್ಲಿ ಅವರು ಬರೆದ ‘ಭಯೋತ್ಪಾದನೆಯ ಕಾರಣಗಳು’ ಎಂಬ ಲೇಖನವನ್ನು ಈ ಕ್ಷೇತ್ರದಲ್ಲಿ ಓದದವರಿಲ್ಲ. ಅದರಲ್ಲಿ ಅವರು ಕಾರಣಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು: ಬಹುಕಾಲದಿಂದ ನೆಲ ಹದಮಾಡುವಂಥವು, ಕೊನೆಗೆ ಕಿಡಿ ಹಚ್ಚುವಂಥವು. ಜೊತೆಗೆ ಓದುಗರಿಗೆ ಇರುಸುಮುರುಸು ತರುವ ಇನ್ನೊಂದು ಮಾತನ್ನೂ ಹೇಳಿದರು. ಭಯೋತ್ಪಾದಕರಲ್ಲಿ ಸಾಮಾನ್ಯವಾಗಿ ಎದ್ದು ಕಾಣುವುದು ಮನೋರೋಗವಲ್ಲ, ಅವರು ಬಹುಮಟ್ಟಿಗೆ ನಮ್ಮ ನಿಮ್ಮಂತೆಯೇ ಇರುವುದು. ಹುಚ್ಚರೆಂದರೆ ನಮಗೆ ಸಮಾಧಾನ. ಹುಚ್ಚಿಗೆ ಕಾರಣ ಕೇಳಬೇಕಿಲ್ಲ. ಸಾಮಾನ್ಯರೆಂದರೆ ಅವರ ಆಯ್ಕೆಗೆ ಅವರನ್ನೇ ಹೊಣೆ ಮಾಡಬೇಕಾಗುತ್ತದೆ. ಕಾರಣ ಹುಡುಕುವುದು ತಪ್ಪನ್ನು ಹಗುರ ಮಾಡುತ್ತದೆ ಎಂಬ ಆರೋಪಕ್ಕೆ ಇದೇ ಉತ್ತರ: ಆರಿಸಿಕೊಂಡವರನ್ನು ಮಾತ್ರ ಅಪರಾಧಿ ಎನ್ನಬಹುದು.

ಆದರೆ ಯಾವುದನ್ನು ಭಯೋತ್ಪಾದನೆ ಎನ್ನಬೇಕು? 1980ರ ದಶಕದಲ್ಲಿ ಡಚ್ ವಿದ್ವಾಂಸ ಅಲೆಕ್ಸ್ ಶ್ಮಿಡ್ ಎಣಿಸಿದಾಗ 109 ವ್ಯಾಖ್ಯೆಗಳು ಸಿಕ್ಕಿದ್ದವು. ಕಾನೂನಿನ ಕಥೆಯೂ ಅಷ್ಟೇ, ಅದರಲ್ಲಿ ಭಾರತಕ್ಕೊಂದು ವಿಚಿತ್ರ ಪಾತ್ರವಿದೆ. 1934ರಲ್ಲಿ ಮಾರ್ಸೇಲ್ಸ್‌ನಲ್ಲಿ ಯುಗೊಸ್ಲಾವಿಯಾದ ದೊರೆ ಅಲೆಕ್ಸಾಂಡರ್ ಹತ್ಯೆಯಾದ ಮೇಲೆ ರಾಷ್ಟ್ರಸಂಘ 1937ರಲ್ಲಿ ಭಯೋತ್ಪಾದನೆ ವಿರುದ್ಧ ಒಂದು ಒಪ್ಪಂದ ಸಿದ್ಧಪಡಿಸಿತು. ಅದನ್ನು ಅನುಮೋದಿಸಿದ ಏಕೈಕ ದೇಶ ಭಾರತ, ಅಂದರೆ ಬ್ರಿಟಿಷರ ಕೈಯಲ್ಲಿದ್ದ ಭಾರತ. ಆ ಸರ್ಕಾರದ ಕಣ್ಣಿನಲ್ಲಿ ಭಯೋತ್ಪಾದಕರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಸ್ವತಂತ್ರ ಭಾರತ 1996ರಲ್ಲಿ ವಿಶ್ವಸಂಸ್ಥೆಯ ಮುಂದೆ ಸಮಗ್ರ ಒಪ್ಪಂದದ ಕರಡು ಇಟ್ಟಿತು. ವಿಮೋಚನಾ ಹೋರಾಟಗಳನ್ನು ಏನೆಂದು ಕರೆಯಬೇಕು, ಸರ್ಕಾರಗಳ ಸೇನೆಗಳನ್ನು ಎಲ್ಲಿಡಬೇಕು ಎಂಬ ಜಗಳದಲ್ಲಿ ಅದು ಇನ್ನೂ ಸಿಕ್ಕಿಬಿದ್ದಿದೆ.

ಕ್ರೆನ್‌ಶಾ ಬಳಸಿದ ‘ಕ್ರಾಂತಿಕಾರಿ ಭಯೋತ್ಪಾದನೆ’ ಎಂಬ ಪದವೇ 2016ರಲ್ಲಿ ದೆಹಲಿಯಲ್ಲಿ ಗದ್ದಲ ಎಬ್ಬಿಸಿತು. ಬಿಪನ್ ಚಂದ್ರ ಮತ್ತು ಸಹಲೇಖಕರ ಸ್ವಾತಂತ್ರ್ಯ ಹೋರಾಟದ ಇತಿಹಾಸ ಪುಸ್ತಕ ಭಗತ್ ಸಿಂಗ್ ಮತ್ತು ಸಂಗಾತಿಗಳನ್ನು ‘ಕ್ರಾಂತಿಕಾರಿ ಭಯೋತ್ಪಾದಕರು’ ಎಂದು ವರ್ಣಿಸಿತ್ತು. ಪುಸ್ತಕ ಬಂದದ್ದು 1988ರಲ್ಲಿ. ಸಂಸತ್ತಿನಲ್ಲಿ ವಿವಾದವಾದದ್ದು 28 ವರ್ಷಗಳ ನಂತರ. ದೆಹಲಿ ವಿಶ್ವವಿದ್ಯಾಲಯ ಅದರ ಹಿಂದಿ ಅನುವಾದದ ಮಾರಾಟ ನಿಲ್ಲಿಸಿತು. ಸಮಸ್ಯೆಯೆಂದರೆ, 1920ರ ದಶಕದ ಕ್ರಾಂತಿಕಾರಿಗಳು ಆ ಪದಕ್ಕೆ ಅಂಜಿದವರಲ್ಲ. ಗಾಂಧೀಜಿಯ ಟೀಕೆಗೆ ಉತ್ತರವಾಗಿ 1930ರಲ್ಲಿ ಅವರು ಹಂಚಿದ ಕರಪತ್ರದಲ್ಲಿ ಭಯೋತ್ಪಾದನೆ ಕ್ರಾಂತಿಯ ಒಂದು ಹಂತವೆಂದು ತಾವಾಗಿಯೇ ವಾದಿಸಿದ್ದರು. ನಡುವೆ ಬದಲಾದದ್ದು ಪದದ ಬಣ್ಣ. ಒಂದು ಕಾಲಕ್ಕೆ ವಿಧಾನವೊಂದರ ಹೆಸರಾಗಿದ್ದದ್ದು ಈಗ ಬೈಗುಳ. ಬೈಗುಳವನ್ನು ಶಾಸ್ತ್ರದ ಪರಿಭಾಷೆಯಾಗಿ ಬಳಸಿ ಪಾಠ ಮಾಡುವುದು ಎಷ್ಟು ಕಷ್ಟವೆಂದು ಮೇಷ್ಟರುಗಳನ್ನೇ ಕೇಳಬೇಕು.

ವ್ಯಾಖ್ಯೆ ಇತ್ಯರ್ಥವಾಗದಿದ್ದರೂ ಲೆಕ್ಕ ಇಡುವ ಕೆಲಸ ನಿಲ್ಲಲಿಲ್ಲ. ಜಗತ್ತಿನ ಅತಿ ದೊಡ್ಡ ಭಯೋತ್ಪಾದನಾ ದತ್ತಾಂಶ ಇರುವುದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ. 1970ರಿಂದೀಚಿನ 2 ಲಕ್ಷಕ್ಕೂ ಹೆಚ್ಚು ಘಟನೆಗಳು ಅದರಲ್ಲಿವೆ. ಅದರ ಮೂಲ ಪಿಂಕರ್ಟನ್ ಎಂಬ ಖಾಸಗಿ ಭದ್ರತಾ ಕಂಪನಿ. ಯಾವ ದೇಶದಲ್ಲಿ ವ್ಯಾಪಾರ ಎಷ್ಟು ಅಪಾಯಕಾರಿ ಎಂದು ತನ್ನ ಗಿರಾಕಿಗಳಿಗೆ ಹೇಳಲು ಅದು 1970ರಿಂದ 1997ರವರೆಗೆ ಸುದ್ದಿಗಳನ್ನು ಕಾರ್ಡುಗಳ ಮೇಲೆ ಬರೆದಿಡುತ್ತಿತ್ತು. ಅಪರಾಧಶಾಸ್ತ್ರಜ್ಞ ಗ್ಯಾರಿ ಲಾಫ್ರೀ ಆ ಕಾರ್ಡುಗಳನ್ನು ವಿಶ್ವವಿದ್ಯಾಲಯಕ್ಕೆ ತಂದರು. ವಿದ್ಯಾರ್ಥಿಗಳು ಕೂತು ಒಂದೊಂದೇ ಕಾರ್ಡನ್ನು ಕಂಪ್ಯೂಟರಿಗೆ ಏರಿಸಿದರು. ಭಯೋತ್ಪಾದನೆಯ ಬಗ್ಗೆ ಇಂದು ಪತ್ರಿಕೆಗಳಲ್ಲಿ ಕಾಣುವ ಎಷ್ಟೋ ನಕ್ಷೆ, ಪಟ್ಟಿಗಳ ಹಿಂದಿರುವುದು ಈ ಬೇಸರದ ಕೆಲಸ.

ಆದರೆ ಆ ಮುಖ್ಯ ದತ್ತಾಂಶದಲ್ಲಿ ಒಂದು ವರ್ಷವೇ ಇಲ್ಲ. ಪಿಂಕರ್ಟನ್ ಕಚೇರಿ ಬದಲಾಯಿಸುವಾಗ 1993ರ ಕಾರ್ಡುಗಳು ಕಳೆದುಹೋದವು. ಮೇರಿಲ್ಯಾಂಡ್‌ನವರು ಬೇರೆ ಮೂಲಗಳಿಂದ ಒಂದಿಷ್ಟನ್ನು ಮರಳಿ ಹುಡುಕಿದರೂ ಅದು ಅಪೂರ್ಣವೆಂದು ಪ್ರತ್ಯೇಕವಾಗಿಯೇ ಇಟ್ಟರು. ಸುಳ್ಳು ಭರ್ತಿಗಿಂತ ಖಾಲಿ ಜಾಗ ಲೇಸು ಎಂಬುದು ಈ ಕಸುಬಿನ ಮರ್ಯಾದೆ.

ಮುಂಬೈ ಓದುಗರಿಗೆ 1993 ಎಂದರೆ ಏನೆಂದು ಹೇಳಬೇಕಿಲ್ಲ. ಮಾರ್ಚ್ 12, ಶುಕ್ರವಾರ. ಷೇರುಪೇಟೆ, ಏರ್ ಇಂಡಿಯಾ ಕಟ್ಟಡ, ಜವೇರಿ ಬಜಾರ್, ಸೆಂಚುರಿ ಬಜಾರ್, ದಾದರಿನ ಪ್ಲಾಜಾ ಚಿತ್ರಮಂದಿರ. ಸತ್ತವರು 257 ಮಂದಿ. ಮೇರಿಲ್ಯಾಂಡ್‌ನ ಪಟ್ಟಿಯಿಂದ ಬಿಟ್ಟುಹೋದರೂ ಆ ದಿನದ ಕುರಿತ ಕಷ್ಟದ ಪ್ರಶ್ನೆಗೆ ನಮ್ಮಲ್ಲೇ ಒಬ್ಬ ನ್ಯಾಯಮೂರ್ತಿ ಉತ್ತರ ಹುಡುಕಿದ್ದರು. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳಲ್ಲಿ ನಗರದಲ್ಲಿ ಸತ್ತವರು 900 ಜನ. ಅದರ ತನಿಖೆಗೆ ನೇಮಕವಾದ ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗ 1998ರ ತನ್ನ ವರದಿಯಲ್ಲಿ, ಆ ಗಲಭೆಗಳು ಮಾರ್ಚ್ ಸ್ಫೋಟಗಳಿಗೆ ಕಾರಣವಾದಂತೆ ತೋರುತ್ತದೆ ಎಂದು ದಾಖಲಿಸಿತು. ಸ್ಫೋಟದ ಸಂಚುಕೋರರ ತಪ್ಪು ಇದರಿಂದ ಕಿಂಚಿತ್ತೂ ಕಡಿಮೆಯಾಗಲಿಲ್ಲ. ಟಾಡಾ ವಿಶೇಷ ನ್ಯಾಯಾಲಯ ಮುಂದೆ 100 ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಆಯೋಗ ಕೇಳಿದ್ದು ‘ಏಕೆ’ ಎಂದು, ನ್ಯಾಯಾಲಯ ಕೇಳಿದ್ದು ‘ಯಾರು’ ಎಂದು. ಎರಡೂ ಬೇರೆ ಬೇರೆ ಪ್ರಶ್ನೆಗಳು, ಎರಡಕ್ಕೂ ಉತ್ತರ ಬೇಕು.

2001ರ ಸೆಪ್ಟೆಂಬರ್ 11ರ ನಂತರ ಅಧ್ಯಯನಕ್ಕೆ ಹಣ ಹರಿದು ಬಂತು, ತಜ್ಞರು ಹೆಚ್ಚಿದರು, ಅವಸರವೂ ಬಂತು. 2003ರಲ್ಲಿ ರಾಬರ್ಟ್ ಪೇಪ್ 1980ರಿಂದ 2001ರವರೆಗಿನ 188 ಆತ್ಮಹತ್ಯಾ ದಾಳಿಗಳನ್ನು ಅಭ್ಯಾಸ ಮಾಡಿ, ಅವುಗಳ ಹಿಂದಿರುವುದು ಮುಖ್ಯವಾಗಿ ಪರದೇಶದ ಸೇನೆಯನ್ನು ನೆಲದಿಂದ ಓಡಿಸುವ ಗುರಿ ಎಂದರು. ಮಹತ್ವದ ಲೇಖನ ಅದು. ಆದರೆ ಟೀಕಾಕಾರರು ತಕರಾರು ತೆಗೆದರು: ದಾಳಿ ನಡೆದ ಕಡೆ ಮಾತ್ರ ನೋಡಿದರೆ ಹೇಗೆ? ಆಸ್ಪತ್ರೆಯಲ್ಲಿರುವ ರೋಗಿಗಳನ್ನಷ್ಟೇ ಕೇಳಿ ರೋಗಕ್ಕೆ ಕಾರಣ ಹೇಳಲಾಗದು, ಅದೇ ಊಟ ಉಂಡು ಅದೇ ನೀರು ಕುಡಿದು ಆರೋಗ್ಯವಾಗಿರುವವರನ್ನೂ ಕೇಳಬೇಕು. ಪರದೇಶದ ಸೇನೆ ಇದ್ದೂ ಆತ್ಮಹತ್ಯಾ ದಾಳಿ ನಡೆಯದ ಕಡೆಗಳ ಗತಿಯೇನು? ಈ ಒಂದು ತಕರಾರನ್ನು ವಿದ್ಯಾರ್ಥಿಯೊಬ್ಬ ಮನಸ್ಸಿಗೆ ತಂದುಕೊಂಡರೆ, ಟಿವಿಯ ಮುಂದೆ ಕೂತಾಗಲೂ ಅದು ಅವನ ಕೆಲಸಕ್ಕೆ ಬರುತ್ತದೆ.

ಅಂಥ ವಿದ್ಯಾರ್ಥಿಗಳೂ ಬೆಲೆ ತೆತ್ತಿದ್ದಾರೆ. 2008ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ತನ್ನ ಅಧ್ಯಯನಕ್ಕೆಂದು ಅಲ್ ಖೈದಾದ ಕೈಪಿಡಿಯೊಂದನ್ನು ಇಳಿಸಿಕೊಂಡ. ಅದು ಸಿಕ್ಕಿದ್ದು ಅಮೆರಿಕದ ನ್ಯಾಯ ಇಲಾಖೆಯ ಜಾಲತಾಣದಲ್ಲೇ. ಆದರೂ ಭಯೋತ್ಪಾದನಾ ಕಾನೂನಿನಡಿ ಅವನನ್ನು ಹಿಡಿದು ಹಲವು ದಿನ ಕೂಡಿಹಾಕಿದರು. ಆರೋಪ ಹೊರಿಸದೆ ಬಿಟ್ಟರು. 2011ರಲ್ಲಿ ಪೊಲೀಸರು 20,000 ಪೌಂಡ್ ಪರಿಹಾರ ಕೊಟ್ಟರು. ಹಣ ಬಂತು, ಆದರೆ ಅದನ್ನು ನೋಡಿದ ಉಳಿದ ವಿದ್ಯಾರ್ಥಿಗಳು ಯಾವ ವಿಷಯವನ್ನು ಆರಿಸದೆ ಬಿಟ್ಟರು ಎಂಬುದಕ್ಕೆ ಯಾವ ದತ್ತಾಂಶವೂ ಇಲ್ಲ. ವಿಷದ ಬಗ್ಗೆ ಓದಿದ ವೈದ್ಯನನ್ನು ವಿಷ ಹಾಕುವವನೆಂದು ಹಿಡಿದರೆ, ಮುಂದೆ ವಿಷಕ್ಕೆ ಮದ್ದು ಕೊಡುವವರು ಯಾರು?

ಕ್ರೆನ್‌ಶಾ ಕೇಳಿದ ಇನ್ನೊಂದು ಪ್ರಶ್ನೆಗೆ ಅಷ್ಟು ಪ್ರಚಾರ ಸಿಗಲಿಲ್ಲ. 1991ರಲ್ಲಿ ಅವರು ಭಯೋತ್ಪಾದನೆ ಕುಗ್ಗುವುದು ಹೇಗೆ ಎಂದು ಬರೆದರು. ಬಾಂಬ್ ಸಿಡಿದದ್ದು ಸುದ್ದಿ. ಸಂಘಟನೆಯೊಂದು ಒಳಜಗಳದಿಂದ ಒಡೆದದ್ದು, ಜನಬೆಂಬಲ ಕಳೆದುಕೊಂಡದ್ದು, ಬೇರೆ ದಾರಿ ಹಿಡಿದದ್ದು, ಸದ್ದಿಲ್ಲದೆ ಮುಗಿದುಹೋದದ್ದು ಸುದ್ದಿಯಲ್ಲ. ಆದರೆ ಇಂಥ ಸಂಘಟನೆಗಳಲ್ಲಿ ಅನೇಕವು ಕೊನೆಗೊಳ್ಳುವುದು ಹೀಗೆಯೇ. ಏಕೆ ಶುರುವಾಯಿತು ಎಂದು ತಿಳಿಯದೆ ಹೇಗೆ ಮುಗಿಯುತ್ತದೆ ಎಂದು ತಿಳಿಯಲಾಗದು. ಮುಂದಿನ ಸಲ ಯಾರಾದರೂ ‘ಏಕೆ’ ಎಂದು ಕೇಳಿದಾಗ ಅವರ ನಿಷ್ಠೆಯನ್ನು ಪರೀಕ್ಷಿಸುವ ಮೊದಲು ಅವರ ಪುರಾವೆಯನ್ನು ಪರೀಕ್ಷಿಸೋಣ. ಸತ್ತವರಿಗೆ ನಾವು ತೀರಿಸಬೇಕಾದ ಋಣದಲ್ಲಿ ಆ ಕೆಲಸವೂ ಸೇರಿದೆ.